ಪ್ರಶ್ನೆ ಚಿಹ್ನೆಯಿಲ್ಲದ ಇಸಿಜಿ

ತುರ್ತು ಚಿಕಿತ್ಸಾ ವಿಭಾಗದ ಕಿರಿಯ ಡಾಕ್ಟರನಿಗೆ ಒಂದೇ ಒಂದು ಕಾಯಿಲೆ. ಯಾವ ಇಸಿಜಿ ಓದಿದರೂ ಕೊನೆಗೊಂದು ಪ್ರಶ್ನೆ ಚಿಹ್ನೆ ಹಾಕುವುದು. ‘ಹೃದಯಾಘಾತ?’ ಎಂದು ಬರೆಯುತ್ತಿದ್ದ, ‘ನಾರ್ಮಲ್?’ ಎಂದೂ ಬರೆಯುತ್ತಿದ್ದ. ಹಾಗಾಗಿ ಎಲ್ಲರೂ ಅವನನ್ನು ‘ಡೌಟ್ ಡಾಕ್ಟರ್’ ಎಂದೇ ಕರೆಯುತ್ತಿದ್ದರು, ಅದೂ ಬೆನ್ನ ಹಿಂದೆ ಅಲ್ಲ, ಎದುರಿಗೇ.

ಅವತ್ತು ಬೆಳಿಗ್ಗೆ ಮುಖ್ಯಸ್ಥರ ತಾಳ್ಮೆ ಮುಗಿಯಿತು.

“ನೋಡಪ್ಪಾ, ಇವತ್ತೊಂದಾದ್ರೂ ಇಸಿಜಿನ ನೀನೇ ಧೈರ್ಯವಾಗಿ ಓದಿ ಸರಿಯಾಗಿ ಹೇಳು. ನಾಳೆಯಿಂದ ನಿನ್ನ ಸಹಿನೇ ಸಾಕು. ಇಲ್ಲಾಂದ್ರೆ ಇನ್ನೂ ಮೂರು ತಿಂಗಳು ಪ್ರತಿಯೊಂದಕ್ಕೂ ನನ್ನ ಸಹಿ ಹಾಕಿಸ್ಕೋಬೇಕು,” ಎಂದವರೇ ಮೂರನೇ ಮಹಡಿಯ ಮೀಟಿಂಗಿಗೆ ಹೊರಟುಹೋದರು.

ಸ್ವಂತ ಸಹಿ! ಅದಕ್ಕಾಗಿ ಅವನು ಎಷ್ಟು ಆಸೆಪಟ್ಟಿದ್ದನೆಂದರೆ, ಮನೆಯಲ್ಲಿ ಹಳೇ ಪೇಪರಿನ ಮೇಲೆ ಅದರ ಅಭ್ಯಾಸವನ್ನೂ ಮಾಡಿಟ್ಟಿದ್ದ.

ಹತ್ತು ಗಂಟೆಗೆ ಗಡಿಯಾರ ರಿಪೇರಿ ಮಾಡುವ ಹಿರಿಯರೊಬ್ಬರು ಎದೆ ಹಿಡಿದುಕೊಂಡು ಬಂದರು. ದೊಡ್ಡ ಸಿಸ್ಟರ್ ಚಕಚಕನೆ ತಂತಿ ಅಂಟಿಸಿ ಇಸಿಜಿ ತೆಗೆದು ಅವನ ಕೈಗಿತ್ತರು. ನೋಡಿದರೆ ಮೊದಲನೇ ಸಾಲೇ ತಲೆಕೆಳಗು. ಎದೆಯ ಮೇಲಿನ ಆರು ತಂತಿಗಳಲ್ಲಿ ಬರಬರುತ್ತ ಬೆಳೆಯಬೇಕಾದ ಅಲೆಗಳು, ಒಗೆದ ಬಟ್ಟೆಯಂತೆ ಕುಗ್ಗುತ್ತ ಹೋಗಿದ್ದವು.

“ಅಟ್ಯಾಕೇ,” ಎಂದರು ದೊಡ್ಡ ಸಿಸ್ಟರ್.

“ಇಪ್ಪತ್ತು ವರ್ಷದಿಂದ ಸ್ಟ್ರೆಚರ್ ತಳ್ತಿದ್ದೀನಿ, ಮುಖ ನೋಡಿದ್ರೇ ಗೊತ್ತಾಗುತ್ತೆ. ದೊಡ್ಡದೇ ಆಗಿದೆ,” ಎಂದ ಅಟೆಂಡರ್, ಯಾರೂ ಕೇಳದಿದ್ದರೂ.

ಸಿಸ್ಟರ್ ಇಸಿಜಿಯ ಫೋಟೋ ತೆಗೆದು ಮುಖ್ಯಸ್ಥರಿಗೆ ಕಳಿಸಿಯೂ ಆಯಿತು. ‘ರಕ್ತದ ಹೆಪ್ಪು ಕರಗಿಸೋ ಇಂಜೆಕ್ಷನ್ ರೆಡಿ ಇಡಿ, ಮೀಟಿಂಗಿನಿಂದ ಬಿಡಿಸ್ಕೊಂಡು ಬರ್ತೀನಿ’ ಎಂದು ಉತ್ತರ ಬಂತು.

ಕಿರಿಯ ಡಾಕ್ಟರ್ ಇಸಿಜಿಯನ್ನು ಮತ್ತೊಮ್ಮೆ ನೋಡಿದ. ಕಾಯಿಲೆ ಇಲ್ಲದವರಿಗೆ ಆ ಇಂಜೆಕ್ಷನ್ ಕೊಟ್ಟು ತಲೆಯೊಳಗೆ ರಕ್ತ ಸೋರಿದರೆ ಏನು ಗತಿ?

“ಸಿಸ್ಟರ್... ಕೈ ತಂತಿಗಳು ಅದಲುಬದಲು ಏನಾದ್ರೂ...”

“ನಾನು ತಂತಿ ಹಾಕೋಕೆ ಶುರು ಮಾಡಿದಾಗ ನೀವು ಚಡ್ಡಿ ಹಾಕ್ತಿದ್ರಿ ಡಾಕ್ಟ್ರೇ!”

ನೋಡಿದ. ಬಲಗೈಗೆ ಕೆಂಪು, ಎಡಗೈಗೆ ಹಳದಿ, ಎಲ್ಲಾ ಸರಿಯಾಗಿಯೇ ಇತ್ತು. ಅಟೆಂಡರ್ ಕಿಸಕ್ಕನೆ ನಕ್ಕ. ಡಾಕ್ಟರನ ಮುಖ ಇಂಗು ತಿಂದ ಮಂಗನಂತಾಯಿತು.

ಆದರೂ ಬಿಡಲಿಲ್ಲ. ತಂತಿ ತಪ್ಪಿದ್ದರೆ ಕೈಯ ಸಾಲುಗಳು ಮಾತ್ರ ಕೆಡಬೇಕಿತ್ತು, ಎದೆಯ ಅಲೆಗಳು ಯಾಕೆ ಕುಗ್ಗಬೇಕು? ಸ್ಟೆತ್ ತೆಗೆದು ಹಿರಿಯರ ಎಡ ಎದೆಗಿಟ್ಟ. ಎಲ್ಲೋ ದೂರದಲ್ಲಿ ಯಾರೋ ನಡೆದಂತೆ ಸದ್ದು. ಬಲಕ್ಕಿಟ್ಟ. ಲಬ್ ಡಬ್, ಲಬ್ ಡಬ್!

ಹಿರಿಯರು ಅವನ ಮುಖವನ್ನೇ ನೋಡುತ್ತಿದ್ದರು. ತುಟಿ ಮಾತ್ರ ಬಿಗಿಯಾಗಿ ಮುಚ್ಚಿತ್ತು.

“ಇಂಜೆಕ್ಷನ್ ಬೇಡ!” ಎಂದು ಅವನು ಕೂಗಿದ ರಭಸಕ್ಕೆ ಸಿಸ್ಟರೇ ಬೆಚ್ಚಿಬಿದ್ದರು. “ಇವರ ಹೃದಯ ಬಲಗಡೆ ಇದೆ. ಕೈ ತಂತಿ ಬದಲಾಯಿಸಿ, ಎದೆ ತಂತಿ ಎಲ್ಲಾ ಬಲಗಡೆ ಹಾಕಿ!”

ಹೊಸ ಇಸಿಜಿ ಹೊರಬಂತು, ಪಠ್ಯಪುಸ್ತಕದಲ್ಲಿ ಅಚ್ಚಾದಷ್ಟು ಚೊಕ್ಕವಾಗಿ. ಎದೆನೋವಿಗೆ ಹೊಟ್ಟೆಯ ಆಮ್ಲ ಕಾರಣವಿದ್ದೀತೆಂದು ಔಷಧ ಕೊಟ್ಟ, ನೋವು ಇಳಿಯಿತು. ರಕ್ತ ಪರೀಕ್ಷೆಯೂ, ಸ್ವಲ್ಪ ಹೊತ್ತು ಬಿಟ್ಟು ತೆಗೆದ ಇಸಿಜಿಯೂ ಅವನನ್ನೇ ಬೆಂಬಲಿಸಿದವು. ‘ಹೃದಯ ಬಲಗಡೆ. ಆಘಾತವಿಲ್ಲ.’ ಎಂದು ಬರೆದ. ಜೀವನದಲ್ಲಿ ಮೊದಲ ಬಾರಿಗೆ ಪೂರ್ಣವಿರಾಮ ಹಾಕಿ ಸಹಿ ಮಾಡಿದ. ಸಿಸ್ಟರ್ ಅವನ ಬೆನ್ನು ತಟ್ಟಿದರು. “ನಾನು ಆಗಲೇ ಅಂದ್ಕೊಂಡೆ,” ಎಂದ ಅಟೆಂಡರ್. ಕಿರಿಯ ಡಾಕ್ಟರನಿಗೆ ಸ್ವರ್ಗಕ್ಕೆ ಮೂರೇ ಗೇಣು.

ಅಷ್ಟರಲ್ಲಿ ಮೀಟಿಂಗಿನಿಂದ ಹೇಗೋ ಬಿಡಿಸಿಕೊಂಡು ಮುಖ್ಯಸ್ಥರು ಓಡಿ ಬಂದರು. ಚೀಟಿ ಓದಿದರು. ಕಣ್ಣರಳಿತು. ಆಮೇಲೆ ಹಾಸಿಗೆಯ ಮೇಲೆ ಕೂತಿದ್ದವರನ್ನು ನೋಡಿದರು.

“ಓಹೋ! ನೀವಾ?”

“ನಮಸ್ಕಾರ ಸಾರ್,” ಎಂದರು ಗಡಿಯಾರದವರು.

“ಪ್ರತಿ ವರ್ಷ ನಮ್ಮ ಕಾಲೇಜು ಹುಡುಗರ ಪರೀಕ್ಷೆಗೆ ರೋಗಿಯಾಗಿ ಬಂದು ಮಲಗೋರು ಇವರೇ ಕಣಯ್ಯಾ. ಏನು ಯಜಮಾನ್ರೇ, ಇವನಿಗೂ ಹೇಳಿಕೊಟ್ಟಿರಾ?”

“ದೇವರಾಣೆ ಇಲ್ಲ ಸಾರ್! ಕೋಟು ಹಾಕಿದ ಹುಡುಗರ ಮುಂದೆ ಬಾಯಿ ಬಿಡಬಾರದು ಅಂತ ನೀವೇ ತಾಕೀತು ಮಾಡಿದ್ರಲ್ಲ. ಪ್ರಾಣ ಹೋಗೋ ಹಾಗಿದ್ರೂ ನಾನು ತುಟಿ ಬಿಚ್ಚಲಿಲ್ಲ.”

“ಹೋದ ವರ್ಷವೂ ಇದೇ ಆಣೆ ಹಾಕಿದ್ರಿ. ಹದಿನೆಂಟು ಹುಡುಗರೂ ಒಳಗೆ ಬಂದವರೇ ಸೀದಾ ಬಲಗಡೆಗೇ ಸ್ಟೆತ್ ಇಟ್ರು!”

“ಸಾರ್, ನಾನೇ ಕಂಡುಹಿಡಿದೆ...” ಎಂದ ಕಿರಿಯ ಡಾಕ್ಟರ್.

“ಆ ಹದಿನೆಂಟು ಜನವೂ ಹಾಗೇ ಅಂದ್ರು,” ಎಂದು ನಕ್ಕು ಮುಖ್ಯಸ್ಥರು ಅವನ ಸಹಿಯ ಕೆಳಗೆ ತಮ್ಮದನ್ನೂ ಹಾಕಿದರು. “ಮೂರು ತಿಂಗಳು.”

ಅವರು ಮತ್ತೆ ಮೀಟಿಂಗಿಗೆ ಹೋದ ಮೇಲೆ ಹಿರಿಯರು ಅವನ ಕೈ ಹಿಡಿದುಕೊಂಡರು. “ಹನ್ನೆರಡು ವರ್ಷದಲ್ಲಿ ತಾನಾಗಿ ಕಂಡುಹಿಡಿದವನು ನೀನೊಬ್ಬನೇ ಕಣಪ್ಪಾ. ಉಳಿದೋರಿಗೆಲ್ಲ ಪಾಪ ಅನಿಸಿ ನಾನೇ ಹೇಳಿಬಿಟ್ಟೆ. ಈ ಮಾತು ಬೇಕಾದ್ರೆ ಸಾಹೇಬರಿಗೂ ಹೇಳ್ತೀನಿ.”

“ಅಯ್ಯೋ, ಬೇಡ! ನೀವು ಹೇಳಿದ್ರೆ ಆರು ತಿಂಗಳು ಮಾಡ್ತಾರೆ!”

ಇಬ್ಬರೂ ನಕ್ಕರು. ಅವನಿಗೆ ಬೇಸರವಾಗಿತ್ತು, ಆದರೆ ಅದಕ್ಕಿಂತ ಹೆಚ್ಚು ಸಂತೋಷವಾಗಿತ್ತು. ಪಕ್ಕದ ಹಾಸಿಗೆಯ ಇಸಿಜಿ ಎತ್ತಿಕೊಂಡು ಒಂದೇ ನೋಟಕ್ಕೆ ಓದಿದ, ಅನುಮಾನವಿಲ್ಲದೆ ಬರೆದ, ಮುಖ್ಯಸ್ಥರ ಸಹಿಗಾಗಿ ಮೂರನೇ ಮಹಡಿಯ ಮೆಟ್ಟಿಲು ಹತ್ತತೊಡಗಿದ.