ಕಬ್ಬಿನ ಕಾಟಾದ ಮೇಲೆ ನಮ್ಮ ಕಾಕಾನ ಸಂಸಾರ

ನಮ್ಮ ಕಾಕಾನ ತೂಕ ಎಷ್ಟೆಂದು ಮುಧೋಳ ತಾಲ್ಲೂಕಿನಲ್ಲಿ ಯಾರಿಗೂ ಗೊತ್ತಿಲ್ಲ. ಸ್ವತಃ ಕಾಕಾನಿಗೂ ಗೊತ್ತಿಲ್ಲ! ಆದರೆ ಕಾಕಾ, ಕಾಕು, ಮಗ, ಸೊಸೆ, ಮೊಮ್ಮಗಳು ಮತ್ತು ಒಂದು ಟಗರು, ಇಷ್ಟೂ ಮಂದಿಯ ಒಟ್ಟು ತೂಕ ಕೇಳಿ ನೋಡಿ, ಥಟ್ಟನೆ ಹೇಳುತ್ತಾರೆ. ಟ್ರ್ಯಾಕ್ಟರ್ ಸಮೇತ!

ಯಾಕೆಂದರೆ ಈ ಮನೆಯವರು ತೂಕ ನೋಡಿಕೊಳ್ಳುವುದು ಕಬ್ಬಿನ ಗಾಡಿ ತೂಗುವ ಕಾಟಾದ ಮೇಲೆ. ಅಮಾವಾಸ್ಯೆಗೆ ಹೊಲದ ಕೆಲಸ ಬಂದ್. ಅವತ್ತು ಎಲ್ಲರೂ ಟ್ರೇಲರ್ ಏರಿ ಬೀರೇಶ್ವರನ ಗುಡಿಗೆ ಹೋಗಿ, ಕಾಯಿ ಒಡೆಸಿಕೊಂಡು, ಬರುವಾಗ ಲೋಕಾಪುರ ರಸ್ತೆಯ ಕಾಟಾದ ಮೇಲೆ ಟ್ರ್ಯಾಕ್ಟರ್ ಹತ್ತಿಸುತ್ತಾರೆ.

"ಕಾಕಾರ, ಕಬ್ಬು ಎಲ್ಲೈತ್ರಿ?" ಎಂದು ಕಾಟಾದವನು ಮೊದಲ ಸಲ ಕಕ್ಕಾಬಿಕ್ಕಿಯಾಗಿ ಕೇಳಿದ್ದನಂತೆ.

"ನಾವ ಕಬ್ಬಲೇ! ತೂಗು!"

ಆ ಕಾಟಾಕ್ಕೋ ಹತ್ತು ಕಿಲೋಗಿಂತ ಕಡಿಮೆಯದು ಏನೂ ಕಾಣುವುದಿಲ್ಲ. ಅದರ ಮೇಲೆ ಹೊಟ್ಟೆಯ ಬೊಜ್ಜು ಅಳೆಯುತ್ತಾರಂತೆ! ಒಂದು ಅಮಾವಾಸ್ಯೆಗೆ ತೂಕ ಒಮ್ಮೆಲೇ ಎಪ್ಪತ್ತು ಕಿಲೋ ಇಳಿದುಬಿಟ್ಟಿತ್ತು. ಕಾಕಾ ಟ್ರೇಲರಿನಲ್ಲೇ ಕುಣಿದರು. "ಪಥ್ಯ ಅಂದ್ರ ಇದು!" ಎಂದು ಮೀಸೆ ತಿರುವಿದರು. ಮನೆಗೆ ಬಂದು ಚಹಾ ಕೇಳಿದಾಗಲೇ ಗೊತ್ತಾದದ್ದು, ಕಾಕುವನ್ನು ಗುಡಿಯಲ್ಲೇ ಬಿಟ್ಟು ಬಂದಿದ್ದಾರೆಂದು.

ಈ ಪಥ್ಯದ ಹುಚ್ಚು ಹಿಡಿದದ್ದು ಹೋದ ವರ್ಷ. ಅದಕ್ಕೂ ಮೊದಲು ಕಾಕಾ ಹೋಳಿಗೆಗೆ ತುಪ್ಪದಲ್ಲಿ ಈಜು ಕಲಿಸಿಯೇ ಬಾಯಿಗಿಡುತ್ತಿದ್ದ ಮನುಷ್ಯ. ಒಂದು ದಿನ ಮುಧೋಳಕ್ಕೆ ಡಾಕ್ಟರ ಹತ್ತಿರ ಹೋಗಿ ಬಂದವರೇ ಪಡಸಾಲೆಯಲ್ಲಿ ನಿಂತು ಸಾರಿದರು: "ನನ್ನ ತೂಕ ಇಳಸಂದಾರ. ನಾ ಒಬ್ಬಾಂವ ಪಥ್ಯ ಮಾಡೂದು ನೀಗಂಗಿಲ್ಲ. ಎಲ್ಲಾರೂ ಮಾಡ್ರಿ!"

ಮರುದಿನದಿಂದ ಪಾಕೀಟಿನ ಚಿಪ್ಸ್ ಬಂದ್, ಬಾಟಲಿಯ ಬಣ್ಣದ ನೀರು ಬಂದ್, ತಾಟು ಹಿಡಿದು ಟೀವಿ ಮುಂದೆ ಕೂಡುವುದು ಬಂದ್. ರೊಟ್ಟಿಯ ಜೊತೆ ಕಾಳಿನ ಪಲ್ಯ, ಹಸಿ ಮೆಂತ್ಯ, ಸವತೆಕಾಯಿ, ಮಜ್ಜಿಗೆ. ಹೊಟ್ಟೆ ಕಾಕಾನದು, ಶಿಕ್ಷೆ ಮನೆಮಂದಿಗೆ! ಇದು ಯಾವ ಊರಿನ ನ್ಯಾಯ ಸ್ವಾಮಿ?

ಅದೂ ಹೋಗಲಿ ಅನ್ನಿ. ಒಂದು ಸಂಜೆ ನಾನು ಜಮಖಂಡಿಯಿಂದ ಹೊರಟು ಲೋಕಾಪುರದಲ್ಲಿ ಬಸ್ಸಿಳಿದು ನೋಡುತ್ತೇನೆ, ನಮ್ಮ ಪಥ್ಯದ ಮಹಾಪುರುಷರು ಮಿರ್ಚಿ ಭಜಿಯ ತಾಟು ಹಿಡಿದು ನಿಂತಿದ್ದಾರೆ!

"ಕಾಕಾ, ಏನ್ರೀ ಇದು?"

"ಪಥ್ಯ ಮನಿಯಾಗ ಐತಿ. ಲೋಕಾಪುರ ನಮ್ಮ ಮನಿ ಏನಲೇ? ತಗೋ, ನೀನೂ ಒಂದು ತಿನ್ನು."

ಇನ್ನು ಇವರ ವಾಕಿಂಗ್! ಅದಕ್ಕೆಂದೇ ಒಂದು ಟಗರು ಕೊಂಡರು. "ನನ್ನ ಮ್ಯಾಲ ನನಗ ನಂಬಿಗಿಲ್ಲ, ಜೋಡಿಗಿ ಯಾರರ ಬೇಕು" ಎಂದು, ಏಳನೇ ಇಯತ್ತೆ ಓದುವ ಮೊಮ್ಮಗಳ ಕೈಗೆ ಅದರ ಹಗ್ಗ ಕೊಟ್ಟರು. ಸಾಲಿ ಬಿಟ್ಟ ಮೇಲೆ ದಿನಾ ಟಗರು ಹೊಲದ ದಾರಿ ಹಿಡಿದು ಓಡುತ್ತದೆ, ಅದರ ಹಿಂದೆ ಹುಡುಗಿ ಕಿರುಚುತ್ತ, ನಗುತ್ತ ಓಡುತ್ತಾಳೆ. ಕಾಕಾ? ಬೇವಿನ ಗಿಡದ ಬುಡದಲ್ಲಿ ಕಾಲು ಚಾಚಿ ಕೂತಿರುತ್ತಾರೆ.

"ಡಾಕ್ಟರು ನಡಿ ಅಂದಿದ್ದು ನಿಮಗಲ್ಲೇನ್ರಿ?"

"ನಾ ನೋಡಾಕತ್ತೇನಲ್ಲಲೇ! ನೋಡೂದು ಏನ್ ಹಗುರ ಕೆಲಸ ಅನ್ಕೊಂಡಿ?"

ಇಂಥವರಿಗೂ ಒಳ್ಳೆಯದಾಗಲಿ ಎಂದು ನಾನು ಜಮಖಂಡಿ ಪೇಟೆಯಿಂದ ತೂಕದ ಯಂತ್ರ ತಂದುಕೊಟ್ಟೆ. ಒಬ್ಬರು ನಿಂತರೆ ಒಬ್ಬರ ತೂಕ ತೋರಿಸುವ ಗಾಜಿನ ಯಂತ್ರ. ಮೊಮ್ಮಗಳು ಅದನ್ನು ಕಂಡಿದ್ದೇ ತಡ, ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋದಳು. ಸದಾ ನಗುವ ಕಾಕಾನಿಗೆ ಎಲ್ಲಿಲ್ಲದ ಸಿಟ್ಟು ಬಂತು. "ಇಂಥಾದ್ದು ನನ್ನ ಮನಿಗಿ ಬ್ಯಾಡ!" ಎಂದವರೇ ಯಂತ್ರವನ್ನು ಕೊಟ್ಟಿಗೆಗೆ ಒಯ್ದು, ಅದರ ಮೇಲೆ ಬೆಲ್ಲದ ಪೆಂಟಿ ಇಟ್ಟುಬಿಟ್ಟರು. ನಾನೂ ಮುಖ ಊದಿಸಿಕೊಂಡು ಅಡಿಗೆಮನೆಗೆ ಹೋಗಿ ಕೂತೆ.

ಕಾಕು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಸಣ್ಣ ದನಿಯಲ್ಲಿ ಹೇಳಿದಳು: "ಸಿಟ್ಟಾಗಬ್ಯಾಡ ತಮ್ಮಾ. ಹ್ವಾದ ವರ್ಷ ಸಾಲ್ಯಾಗ ಹುಡುಗುರ್ನ ಸಾಲಾಗಿ ನಿಂದ್ರಿಸಿ ತೂಕ ಮಾಡಿದ್ರು. ನಮ್ಮ ಕೂಸಿನ ತೂಕ ಎಲ್ಲಾರ ಮುಂದ ಒದರಿ ಹೇಳಿದ್ರು. 'ಕಬ್ಬಿನ ಲೋಡ್ ಬಂತು' ಅಂತ ಹುಡುಗುರು ನಕ್ಕರು. ಅವತ್ತಿಂದ ಅಕಿ ಉಣ್ಣೂದ ಬಿಟ್ಲು. ಯಾರೂ ನೋಡದಂಗ ರೊಟ್ಟಿ ಎಮ್ಮಿಗಿ ಹಾಕ್ತಿದ್ಲು. ಇವರು ಮುಧೋಳಕ್ಕ ಒಬ್ರ ಹೋಗಿ ಕೇಳಿದ್ರ ಡಾಕ್ಟರ್ರು, ಬೆಳಿಯೂ ಹುಡುಗಿ, ಉಪಾಸ ಕೆಡವಬ್ಯಾಡ್ರಿ, ಮನಿಮಂದಿ ಎಲ್ಲಾ ಒಂದ ನಮೂನಿ ಉಣ್ರಿ, ಅಕಿ ಓಡ್ಯಾಡಿ ಆಡ್ಲಿ, ನೀ ದಪ್ಪ ಅದಿ ಅಂತ ಯಾರೂ ಅನಬ್ಯಾಡ್ರಿ ಅಂದ್ರು. ನಿಮ್ಮ ಕಾಕಾ ಮನಿಗಿ ಬಂದವರ ಅದನ್ನೆಲ್ಲಾ ತಮ್ಮ ಹೆಸರಿಲೆ ಹೇಳಿಬಿಟ್ರು. ಅಕಿಗಿ ಗೊತ್ತಿಲ್ಲ. ನೀನೂ ಬಾಯಿ ಬಿಡಬ್ಯಾಡ."

"ಹಂಗಾರ ಆ ಕಾಟಾ?"

"ಅಕಿಗಿ ಕಬ್ಬಿನ ಲೋಡ್ ಅಂದಿದ್ರಲ್ಲ. ಹಂಗಾರ ನಾವೆಲ್ಲಾರೂ ಕಬ್ಬ, ನಡೀರಿ ಅಂದ್ರು ನಿಮ್ಮ ಕಾಕಾ."

ಕಾಕಾನನ್ನು ಊರೂರಲ್ಲಿ ಆಡಿಕೊಂಡು ನಕ್ಕಿದ್ದ ನನ್ನ ಬಾಯಿಗೆ ಅವತ್ತು ಬಿಸಿ ರೊಟ್ಟಿಯೂ ರುಚಿಸಲಿಲ್ಲ.

ಮುಂದಿನ ಅಮಾವಾಸ್ಯೆಗೆ ನಾನೂ ಟ್ರೇಲರ್ ಏರಿದೆ. ಗುಡಿಯಿಂದ ಹೊರಡುವಾಗ ಕಾಕು ಹತ್ತಿದ್ದಾಳೆಯೇ ಎಂದು ಎರಡೆರಡು ಸಲ ನೋಡಿಕೊಂಡೆವು. ಕಾಟಾ ಬಂತು. ಕಾಟಾದವನು ಕಿಟಕಿಯಿಂದ ಇಣುಕಿ ನಗುತ್ತ ಕೇಳಿದ, "ಇವತ್ತ ಏನ್ ಲೋಡ್ ಐತ್ರಿ?"

ಕಾಕಾ ಬಾಯಿ ತೆರೆಯುವ ಮೊದಲೇ ಹುಡುಗಿ ಎದ್ದು ನಿಂತು, ರಸ್ತೆಗೆಲ್ಲ ಕೇಳುವಂತೆ ಕೂಗಿದಳು:

"ನಾವ ಕಬ್ಬು! ತೂಗ್ರಿ!"

ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಕಾಕಾ ಮಾತ್ರ ಟಗರಿನ ಕೊರಳ ಹಗ್ಗ ಸರಿಮಾಡುವ ನೆಪದಲ್ಲಿ ಆ ಕಡೆ ತಿರುಗಿದರು. ಎಷ್ಟು ಹೊತ್ತಾದರೂ ಆ ಹಗ್ಗ ಸರಿಯಾಗಲಿಲ್ಲ.