ಭಜಿ ಬಣ್ಣದ ಐವತ್ತು ಸೀರಿ

ಮೊದಲ ಒಂದು ಒಗಟು. ಐದು ಹೆಬ್ಬಟ್ಟು ಅದಾವು, ಒಂದೂ ಕೈ ಇಲ್ಲ. ದಿನಾ ಮುಂಜಾನೆ ಗುಲಾಬಿ ಕೊಡ್ತೈತಿ, ವಾಸನಿ ಇಲ್ಲ. ಮಿರ್ಚಿ ಭಜಿ ತಿಂದು ಸೀರಿ ಹಡೀತೈತಿ. ಏನದು, ಹೇಳ್ರಿ ನೋಡೂಣು?

ಬರಾಂಗಿಲ್ಲ ಬಿಡ್ರಿ. ಹತ್ತನೇತ್ತೆ ಗಣಿತಕ್ಕ ಎರಡು ಸರ್ತಿ ಕುಂತು ಎರಡೂ ಸರ್ತಿ ಬಿದ್ದಾವ ನಾನು. ಬನಹಟ್ಟಿಯ ಈ ಪಾವರ್‌ಲೂಮ್ ಶೆಡ್ಡಿಗೆ ಬರೋತನಕ ನನಗೂ ಉತ್ತರ ಗೊತ್ತಿರಲಿಲ್ಲ. ಇಲ್ಲಿ ಅವ್ವ ಮಗ್ಗ ನಡಸ್ತಾಳ, ನಾ ಅಕಿ ಲಾಳಿಗೆ ಹಾಕೋ ನೂಲಿನ ಕಂಡಿಕಿ ಸುತ್ತತೇನಿ. ನಗಾಕ ನಾವೇನೂ ದೂರ ಹೋಗಬೇಕಾಗಿಲ್ಲ. ಮಾಲಕರು ಮುಂಜಾನೆ ಎಂಟಕ್ಕ ತಾವ ಹೊತ್ತು ತರ್ತಾರ.

೧. ಸರಪಳಿ

ಮಾಲಕರು ಜಮಖಂಡಿಯೊಳಗ ಎರಡು ದಿನದ ತರಬೇತಿಗೆ ಹೋಗಿದ್ರು. ಬರುವಾಗ ಒಂದು ಫೈಲು, ಒಂದು ಪೆನ್ನು, ಮತ್ತ 'ಸಪ್ಲೈ ಚೈನ್' ಅನ್ನೋ ಮಾತು ತಂದ್ರು. ಪೆನ್ನು ಎರಡು ದಿನಕ್ಕ ಕೆಟ್ಟಿತು. ಮಾತು ಇನ್ನೂ ನಡದೈತಿ.

ನಮ್ಮನ್ನೆಲ್ಲಾ ನಿಲ್ಲಿಸಿ ಗ್ವಾಡಿ ಮ್ಯಾಲ ಐದು ಸುತ್ತು ಬರದ್ರು. "ನೂಲಿನವ, ಬಣ್ಣದವ, ಹಾಸಿನ ನೂಲು ಬೀಮಿಗೆ ಸುತ್ತಾವ, ನಾವು, ಜಮಖಂಡಿ ಅಂಗಡಿಯವರು. ಇನ್ನ ಮ್ಯಾಲ ಐದೂ ಮಂದಿ ಒಂದ ಸರಪಳಿ."

"ಮಾಲಕರ, ಸರಪಳಿ ಯಾರನ್ನ ಕಟ್ಟಾಕ್ರಿ?" ಅಂದೆ.

"ಬಾಯಿ ಮುಚ್ಚಲೇ ಶಾಣ್ಯಾ!" ಅಂದವರು ಖರೆ ಸುದ್ದಿ ಹೇಳಿದ್ರು. ಅಂಗಡಿಯವರು ನೂರು ಸೀರಿ ಕೇಳ್ಯಾರ. ತಿಂಗಳೊಳಗ, ಅವರು ಹೇಳಿದ ಬಣ್ಣದಾಗ ಮುಟ್ಟಿಸಿದ್ರ ವರ್ಷದ ಕೆಲಸ ನಮಗ. ಇಲ್ಲಂದ್ರ ಹಿಂದಿನ ಸಾಲಿನ ನಾಕು ಮಗ್ಗ ಗುಜರಿಗೆ.

ಹಿಂದಿನ ಸಾಲಿನ ಮೂರನೇ ಮಗ್ಗ ಅವ್ವಂದು. ಸರಪಳಿ ಯಾರನ್ನ ಕಟ್ಟಾಕ ಅಂತ ತಿಳೀತು.

೨. ಗುಲಾಬಿ

ಐದೂ ಮಂದಿಗೆ ಕೂಡಿ ಫೋನಿನಾಗ ಒಂದು ಗ್ರೂಪ್ ಆತು. ಮರುದಿನದಿಂದ ಐದೂ ಕಡಿಂದ ಗುಲಾಬಿ ಹೂವು, ಶುಭೋದಯ, ದೀಪ, ಮತ್ತ ಗುಲಾಬಿ. ಇದರ ನಡುವ ನೂಲಿನವ "ಈ ವಾರ ನೂಲು ಬರಾಂಗಿಲ್ಲ" ಅಂತ ಬರದಿದ್ದ. ಅದಕ್ಕೂ ನಾಕು ಮಂದಿ ಕೈ ಮುಗಿದ ಚಿತ್ರ ಹಾಕಿ ಸುಮ್ಮನಾದ್ರು. ಮೂರು ದಿನ ಮಗ್ಗ ನಿಂತವು. ಮಾಲಕರು ಮಾತ್ರ ಫೋನ್ ನೋಡಿ, "ಎಲ್ಲಾರೂ ಎಷ್ಟು ಚುರುಕಾಗ್ಯಾರ ನೋಡು" ಅನ್ನಾಕತ್ತಿದ್ರು.

ಬಣ್ಣದವರ ಮನಿ ನಮ್ಮ ಶೆಡ್ಡಿನ ಗ್ವಾಡಿ ಆಚಿಗೇ ಐತಿ. ಅವ್ವಗ ತಡಿಯಾಕ ಆಗಲಿಲ್ಲ. ಗ್ವಾಡಿ ಮ್ಯಾಲಿಂದ ಕೂಗಿದ್ಳು: "ಅಣ್ಣಾ, ನೂಲು ಬಂತೇನ?"

"ಇಲ್ಲವಾ, ಸೋಮಾರಕ್ಕಂತ!"

ಮುಗೀತು. ಮಾಲಕರಿಗೆ ಸಿಟ್ಟು ಬಂತು. "ಹಿಂಗ ಒದರಬಾರದು. ಗ್ರೂಪಿನಾಗ ಕೇಳಬೇಕು. ಪದ್ಧತಿ ಅಂತ ಒಂದು ಐತಿ."

ಆತ್ರಿ ಅಂದ ಅವ್ವ ನನ್ನ ಕೈಲೆ ಮಾಲಕರ ಫೋನಿಂದ ಗ್ರೂಪಿನಾಗ ಬರಸಿದ್ಳು. ಅರ್ಧ ತಾಸು ಕಾದ್ಳು. ಆಮ್ಯಾಲ ಗ್ವಾಡಿ ಹತ್ತಿ ಕೂಗಿದ್ಳು: "ಅಣ್ಣಾ, ಗ್ರೂಪ್ ನೋಡೋ!"

೩. ಬಗ್ಗೋದು

ಫೈಲಿನ ಎರಡನೇ ಹಾಳಿಯೊಳಗ 'ಫ್ಲೆಕ್ಸಿಬಲ್' ಅಂತ ಇತ್ತು. ಮಾಲಕರು ಅಂಗಡಿಯವರಿಗೆ ಫೋನ್ ಹಚ್ಚಿ, "ನಡುವ ಏನು ಬದಲಿ ಬೇಕಂದ್ರೂ ಹೇಳ್ರಿ, ನಾವು ಬಗ್ಗತೀವಿ" ಅಂದ್ರು. ಕೇಳಿದವರು ಬಿಡ್ತಾರೇನ್ರಿ? ಹತ್ತು ಸೀರಿ ನೇಯ್ದ ಮ್ಯಾಲ, "ದಡಿ ಹಳದಿ ಬ್ಯಾಡ, ನೀಲಿ ಮಾಡ್ರಿ" ಅಂದ್ರು.

ದಡಿ ಅಂದ್ರ ಸೀರಿ ಅಂಚು, ಅದನ್ನ ಬದಲಿ ಮಾಡೋದು ಅಂಗಿ ಗುಂಡಿ ಬದಲಿ ಮಾಡಿದಂಗಲ್ಲ. ಮಗ್ಗಕ್ಕ ಏರಿಸಿದ ಬೀಮಿನಾಗ ಎರಡೂ ದಂಡಿಗೆ ನೂರಾರು ಎಳಿ ಹಳದಿ ಇರ್ತಾವು. ಒಂದೊಂದು ಎಳಿ ಹರಿದು, ಒಂದೊಂದಕ್ಕ ನೀಲಿ ಎಳಿ ಗಂಟು ಹಾಕಬೇಕು.

"ಬಗ್ಗಬೇಕವಾ" ಅಂದ್ರು ಮಾಲಕರು.

"ಬಗ್ಗತೀವಿ ಅಂದವರು ನೀವ್ರಿ. ನಡ ಮಾತ್ರ ನಮ್ದೇನ್ರಿ?" ಅಂದ್ಳು ಅವ್ವ.

ಎರಡು ದಿನ ಬಗ್ಗಿ ಗಂಟು ಹಾಕಿದ್ಳು. ಮೂರನೇ ದಿನ ಫೋನ್ ಬಂತು: "ಮೊದಲಿನ ಹಳದಿನ ಇರಲಿ ಬಿಡ್ರಿ."

ಮತ್ತ ಎರಡು ದಿನ. ಅದ ಹೊತ್ತಿನಾಗ ತರಬೇತಿಯ ಸಾಹೇಬರು ಶೆಡ್ಡು ನೋಡಾಕ ಬಂದ್ರು. ಅವ್ವಗ ನಡ ನೆಟ್ಟಗ ಮಾಡಾಕ ಬರವಲ್ದು. ಸಾಹೇಬರು, "ನಿಮ್ಮಲ್ಲಿ ಫ್ಲೆಕ್ಸಿಬಿಲಿಟಿ ಹ್ಯಾಂಗೈತಿ?" ಅಂತ ಕೇಳಿದ್ರು.

ನಾ ಅವ್ವನ ಕಡೆ ಬಟ್ಟು ತೋರಿಸಿದೆ. "ಪೂರಾ ಬಂದೈತ್ರಿ, ಇನ್ನ ಹೋಗವಲ್ದು."

೪. ಕಡ್ಡಿ ಪೆಟಿಗಿ

ಮೊದಲ ಹ್ಯಾಂಗಿತ್ತಂದ್ರ, ಅಂಗಡಿಯವರು ಬೇಕಾದ ಬಣ್ಣದ ಒಂದು ಎಳಿ ಕಡ್ಡಿ ಪೆಟಿಗಿಯೊಳಗ ಇಟ್ಟು ಬಸ್ಸಿನ್ಯಾಗ ಕಳಸ್ತಿದ್ರು. ಬಣ್ಣದ ಕಾಕಾ ಅದನ್ನ ಅಂಗೈಯಾಗ ಇಟಗೊಂಡು, ಬಿಸಲಿಗೆ ಹಿಡಿದು, ತಲಿ ಅಲ್ಲಾಡಿಸಿ ಆಮ್ಯಾಲ ನೂಲು ಅದ್ದತಿದ್ದ. ಮಾಲಕರು, "ಕಡ್ಡಿ ಪೆಟಿಗಿ ಕಾಲ ಹೋತು, ಇನ್ನ ಫೋಟೋ ಸಾಕು" ಅಂದ್ರು.

ಮೊದಲಿನ ಐವತ್ತು ಕೆಂಪು ಸೀರಿ ಹ್ಯಾಂಗೋ ಮುಗದವು. ಉಳದ ಐವತ್ತಕ್ಕ ಅಂಗಡಿಯವರು ಮಾಲಕರ ಫೋನಿಗೆ ಗಿಳಿ ಹಸಿರಿನ ಫೋಟೋ ಕಳಿಸಿದ್ರು. "ಗ್ರೂಪಿಗೆ ಹಾಕಲೇ" ಅಂತ ಮಾಲಕರು ಫೋನ್ ನನ್ನ ಕೈಯಾಗ ಕೊಟ್ರು. ಇನ್ನೊಂದು ಕೈಯಾಗ ನನ್ನ ಮಿರ್ಚಿ ಭಜಿ ಇತ್ತು. ಐದರೊಳಗ ಯಾರರೆ ಒಬ್ಬರು ಕಣ್ಣು ಬಿಟ್ಟು ನೋಡ್ತಾರೋ ಇಲ್ಲೋ ಅಂತ ಭಜಿ ಫೋಟೋ ಹೊಡದು ಹಾಕಿ, "ಇದ ಬಣ್ಣ" ಅಂತ ಬರದೆ.

ಬೈತಾರ, ನಗ್ತಾರ ಅನಕೊಂಡಿದ್ದೆ. ನೂಲಿನವ ಆತು ಅಂತ ಹೆಬ್ಬಟ್ಟಿನ ಚಿತ್ರ ಒತ್ತಿದ. ಬಣ್ಣದ ಕಾಕಾ ಹೆಬ್ಬಟ್ಟು. ಬೀಮಿನವ ಹೆಬ್ಬಟ್ಟು. ಹಸಿರು ಕೇಳಿದ ಅಂಗಡಿಯವರೂ ಹೆಬ್ಬಟ್ಟು! ಕಡೀಕ ಮಾಲಕರು, ತಮ್ಮ ಫೋನಿಂದ ಹೋದ ಭಜಿಗೆ ತಾವ ಹೆಬ್ಬಟ್ಟು ಒತ್ತಿದ್ರು.

ಅವತ್ತ ಮೊದಲ ಸರ್ತಿ ಸರಪಳಿ ಖರೇನ ಓಡಿತು. ಸಂಜಿಗೆ ನೂಲು ಬಂತು, ಮರುದಿನ ಬಣ್ಣ ಆತು, ಅದರ ಮರುದಿನ ಬೀಮ್ ಅವ್ವನ ಮಗ್ಗಕ್ಕ ಏರಿತು. ಕರದ ಎಣ್ಣಿಯೊಳಗಿಂದ ಈಗ ತಗದಂಗ ಇತ್ತು ನೂಲು. ಕಂಡಿಕಿ ಅಲ್ಲೇ ಬಿಟ್ಟು ಮಾಲಕರ ಕಡೆ ಓಡಿದೆ. ಗುಜರಿಗೆ ಹೋಗೋದು ಅವ್ವನ ಮಗ್ಗ, ನನ್ನ ಫೋಟೋಲೆ.

"ಮಾಲಕರ, ಅದು ಭಜಿ ರೀ!" ಅಂದೆ.

"ಬಣ್ಣಕ್ಕ ಹೆಸರು ಇಡಬ್ಯಾಡ. ಐದು ಮಂದಿ ಪಾಸ್ ಮಾಡ್ಯಾರ."

ಅವ್ವ ಮೊದಲನೇ ಸೀರಿ ನೇಯ್ದು ನನ್ನ ಮಾರಿ ನೋಡಿದ್ಳು. "ಈ ಬಣ್ಣ ಎಲ್ಲೋ ತಿಂದಂಗ ಐತೆಲ್ಲೋ?"

೫. ಅಂಗಡಿಯವರು

ಅಂಗಡಿಯವರು ಜಮಖಂಡಿಂದ ಬಂದ್ರು. ಸೀರಿ ಬಿಚ್ಚಿದ್ರು. ಮಗ್ಗ ಎಲ್ಲಾ ಬಂದ್ ಆದವು. ಸೆರಗು ಮೂಗಿಗೆ ಹಿಡಿದು ಮೂಸಿದ್ರು. ಮಾಲಕರು ಬೆವರಾಕತ್ರು.

"ಎಲ್ಲಿಂದ ತಂದ್ರಿ ಈ ಬಣ್ಣಾನ?"

"ನಮ್ಮ ಸಪ್ಲೈ ಚೈನ್ ರೀ…"

"ಇಷ್ಟು ವರ್ಷ ಯಾರೂ ಮಾಡಿಲ್ಲ! ಇನ್ನೂ ಇನ್ನೂರು ಹಾಕ್ರಿ. ಆ ಹಿಂದಿನ ನಾಕೂ ಮಗ್ಗ ನನಗ ಮೀಸಲು." ಹಂಗಂದು ಹಸದು ನೇರ ಭಜಿ ಗಾಡಿಗೆ ನಡದ್ರು. ಮಾಲಕರು ಗ್ವಾಡಿ ಮ್ಯಾಲ ಆರನೇ ಸುತ್ತು ಬರದು ಭಜಿ ಗಾಡಿಯವನನ್ನೂ ಸರಪಳಿಗೆ ಸೇರಿಸಿದ್ರು.

ಹಿಂಗ ಆಗಿದ್ರ ಎಷ್ಟು ಛಲೋ ಇತ್ತು. ಈ ಐದನೇದು ಪೂರಾ ನಾ ಕಟ್ಟಿದ್ದು. ಅಂಗಡಿಯವರು ಇನ್ನೂ ಬಂದಿಲ್ಲ, ನಾಳೆ ಹನ್ನೊಂದರ ಬಸ್ಸಿಗೆ ಬರ್ತಾರ. ಐವತ್ತು ಭಜಿ ಮಡಚಿ ಇಟ್ಟೈತಿ. ಅವರು ಹಸಿರು ಕೇಳಿದ್ದು ಗೊತ್ತಿಲ್ಲದ ಅವ್ವ ತನ್ನ ಮಗ್ಗಕ್ಕ ಎಣ್ಣಿ ಬಿಡಾಕತ್ತಾಳ. ನಿಮಗ ಇದಕಿಂತ ಛಲೋ ಮುಕ್ತಾಯ ಹೊಳದ್ರ ಗ್ರೂಪಿಗೆ ಹಾಕ್ರಿ. ಯಾರೂ ಓದೂದಿಲ್ಲ, ಆದ್ರ ಐದೂ ಮಂದಿ ಹೆಬ್ಬಟ್ಟು ಒತ್ತತಾರ.