ಅರಿಶಿನ ಹಚ್ಚಿದ ಅರ್ಜಿ

ನಮ್ಮ ಸೋದರಮಾವನ ಕೈಗೆ ಯಾವ ಕಾಗದ ಕೊಟ್ಟರೂ ಅದು ಲಗ್ನಪತ್ರಿಕೆಯಾಗಿಯೇ ಹಿಂದಿರುಗುತ್ತಿತ್ತು! ಸಾವಿನ ಸುದ್ದಿಯ ಕಾಗದಕ್ಕೆ ಅರಿಶಿನ ಹಚ್ಚುವುದಿಲ್ಲ, ಆದ್ದರಿಂದ ಉಳಿದ ಎಲ್ಲ ಕಾಗದಕ್ಕೂ ಹಚ್ಚಲೇಬೇಕು ಎಂಬುದು ಅವರ ತರ್ಕ. ವಡೋದರೆಯ ಫತೇಗಂಜ್‌ನಲ್ಲಿ ಒಂಟಿಯಾಗಿದ್ದ ಈ ನಿವೃತ್ತ ಗುಮಾಸ್ತರ ಜೇಬಿನಲ್ಲಿ ಸದಾ ಅರಿಶಿನ ಕುಂಕುಮದ ಹಿತ್ತಾಳೆ ಡಬ್ಬಿ. ದೀಪದ ಬಿಲ್ಲು, ಧೋಬಿ ಚೀಟಿ, ನನ್ನ ಮಗನ ಶಾಲೆಯ ಅಂಕಪಟ್ಟಿ, ಯಾವುದನ್ನೂ ಬಿಟ್ಟವರಲ್ಲ. ಒಮ್ಮೆ ಪಕ್ಕದ ಮನೆಯ ಗುಜರಾತಿ ಬೆನ್‌ಗೆ, ಅಂದರೆ ಅಕ್ಕನವರಿಗೆ, ಏಣಿ ಬೇಕೆಂದು ಚೀಟಿ ಕಳಿಸಿದರು. ಮೂಲೆಯ ಹಳದಿ ಕಂಡಮೇಲೆ ಒಳಗೇನಿದೆಯೆಂದು ಯಾರು ಓದುತ್ತಾರೆ? ಆಕೆ ರೇಷ್ಮೆ ಸೀರೆಯುಟ್ಟು, ಉಡುಗೊರೆ ಹಿಡಿದು ಬಂದು, "ಲಗ್ನ ಯಾರದು?" ಎಂದರು. ಏಣಿ ಬರಲೇ ಇಲ್ಲ!

ಅರವತ್ತರ ದಶಕದ ಮಾತು. ನಮ್ಮನೆಯವರು ಅಹಮದಾಬಾದಿನ ಬಟ್ಟೆ ಗಿರಣಿಯೊಂದರಲ್ಲಿ ಇಂಜಿನಿಯರು. ಹೊಸ ಮಗ್ಗ ನೋಡಲು ಜಪಾನಿಗೆ ಹೊರಟಿದ್ದ ಹಿರಿಯ ಅಧಿಕಾರಿಗೆ ಕಾಮಾಲೆಯಾಯಿತು. ಸೋಮವಾರ ಮಾಲೀಕರು ಇವರನ್ನು ಕರೆದು, "ಶುಕ್ರವಾರದ ವಿಮಾನಕ್ಕೆ ನೀವು ಹೋಗಿ. ಗುರುವಾರದೊಳಗೆ ವೀಸಾ ಆಗದಿದ್ದರೆ ಬೇರೆಯವರನ್ನು ಕಳಿಸುತ್ತೇವೆ" ಎಂದರು. ಹದಿನೈದು ವರ್ಷ ಮಗ್ಗದ ಸದ್ದಿನಲ್ಲಿ ಅರ್ಧ ಕಿವಿ ಕಳೆದುಕೊಂಡವರಿಗೆ ಬಂದ ಒಂದೇ ಒಂದು ಅವಕಾಶ! ಆದರೆ ಅಷ್ಟರೊಳಗೆ ಅವರು ಸೂರತ್‌ಗೆ ಹೋಗಿ ನೂಲಿನ ಮಾದರಿ ತರಬೇಕಿತ್ತು. ಪಾಸ್‌ಪೋರ್ಟೇನೋ ಕೈಯಲ್ಲಿತ್ತು, ವೀಸಾ ಕಚೇರಿ ಇದ್ದದ್ದು ಬೊಂಬಾಯಿಯಲ್ಲಿ. ಕಚೇರಿ ಕೆಲಸದಲ್ಲಿ ಮಾವನಷ್ಟು ಪಳಗಿದವರು ನಮ್ಮಲ್ಲಿಲ್ಲ. ಅವರೊಬ್ಬರನ್ನೇ ಕಳಿಸುವ ಧೈರ್ಯವೂ ಇಲ್ಲ. ಡಬ್ಬಿಯ ಕಾವಲಿಗೆ ನಾನು ಹೊರಟೆ.

ಬುಧವಾರ ಮಾವ ವಡೋದರೆಯಲ್ಲಿ ನನ್ನ ರೈಲು ಹತ್ತಿ, ಸೂರತ್ ಬರುವಷ್ಟರಲ್ಲಿ ಮುತ್ತಿನಂಥ ಅಕ್ಷರದಲ್ಲಿ ಅರ್ಜಿ ತುಂಬಿದರು. ಪ್ಲಾಟ್‌ಫಾರ್ಮಿನಲ್ಲಿ ಕಾದಿದ್ದ ನಮ್ಮನೆಯವರು ಕಿಟಕಿಯಲ್ಲೇ ಸಹಿ ಹಾಕಿದರು. ರೈಲು ಹೊರಟಿತು.

"ಮಾವ, ಇದಕ್ಕೆ ಮಾತ್ರ ಹಚ್ಚಬೇಡಿ, ನಿಮ್ಮ ದಮ್ಮಯ್ಯ!"

"ನನಗೆ ಅಷ್ಟೂ ತಿಳಿಯೋದಿಲ್ವೇನೆ ಪುಟ್ಟಿ?"

ನಂಬಿ ಒಂದು ಗಳಿಗೆ ಕಣ್ಣು ಮುಚ್ಚಿದೆ. ತಪ್ಪು ನನ್ನದೇ ತಾನೆ?

ಗುರುವಾರ ಬೆಳಿಗ್ಗೆ ಅರ್ಜಿ ವೀಸಾ ಕಚೇರಿಯ ಕಿಟಕಿಯೊಳಗೆ ಹೋದಾಗಲೇ ನಾನು ಕಂಡದ್ದು. ನಾಲ್ಕು ಮೂಲೆಯೂ ಹಳದಿ! ಸಹಿಯ ಮಗ್ಗುಲಲ್ಲೊಂದು ಕುಂಕುಮದ ಬೊಟ್ಟು! "ಕೊಳಕು ಕಾಗದ ನಡೆಯಲ್ಲ, ಹೊಸ ಅರ್ಜಿ ತನ್ನಿ" ಎಂದು ಗುಮಾಸ್ತ ಹಿಂದಕ್ಕೆ ತಳ್ಳಿದ. ಹೊಸ ಅರ್ಜಿಗೆ ಹೊಸ ಸಹಿ ಬೇಕು. ಸಹಿಯ ಧಣಿ ಸೂರತ್‌ನಲ್ಲಿ! ಹಿಂದೆ ನಿಂತಿದ್ದ ಸೂಟುಬೂಟಿನವರು ಇಣುಕಿ ನಗತೊಡಗಿದರು.

"ಮಾಡಿದ್ದು ಇವರಾ? ಯಾರಿವರು?" ಎಂದ ಗುಮಾಸ್ತ.

ಮಾವ ಉತ್ಸಾಹದಿಂದ ಬಾಯಿ ತೆರೆಯುವ ಮೊದಲೇ ನನ್ನ ಬಾಯಿಂದ ಬಿದ್ದುಹೋಯಿತು: "ನಮ್ಮ ಅಡುಗೆಯವರು."

ಚಿಕ್ಕವಳಿದ್ದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಡುತ್ತಿದ್ದ ಮಾವ! ಅವರು ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ಬೆನ್ನು ಬಗ್ಗಿಸಿ ಕೈಮುಗಿದರು.

"ಹೌದು ಸಾಹೇಬ್ರೆ. ಸಾರಿಗೆ ಹಾಕಿದ ಅರಿಶಿನ, ಕೈ ತೊಳೀದೆ ಮುಟ್ಟಿಬಿಟ್ಟೆ. ಅಮ್ಮಾವ್ರದು ಏನೂ ತಪ್ಪಿಲ್ಲ."

"ಈ ಕೆಂಪು?"

"ಮೆಣಸಿನಪುಡಿ ಸಾಹೇಬ್ರೆ."

ಗುಮಾಸ್ತ ಗಟ್ಟಿಯಾಗಿ ನಕ್ಕುಬಿಟ್ಟ. "ಇನ್ನು ಮೇಲೆ ಕೈ ತೊಳೆದುಕೊಂಡು ಕಾಗದ ಮುಟ್ಟು!" ಎಂದು ಏಕವಚನದಲ್ಲೇ ಗದರಿ, ಅರ್ಜಿ ತೆಗೆದುಕೊಂಡ. ಸಂಜೆಗೆ ವೀಸಾ ಕೈಗೆ ಬಂತು.

"ಮಾವ..." ಎಂದೆ ಮೆಟ್ಟಿಲಿಳಿಯುತ್ತಾ.

"ಕೆಲಸ ಆಯ್ತಲ್ಲೇ ಪುಟ್ಟಿ, ಬಿಡು" ಎಂದು ಅವರು ಮುಂದೆ ನಡೆದರು. ಪಕ್ಕದಲ್ಲಲ್ಲ, ಮುಂದೆ.

ಮರುದಿನ ಬೆಳಿಗ್ಗೆ ಬೊಂಬಾಯಿಗೆ ಬಂದಿಳಿದ ನಮ್ಮನೆಯವರಿಗೆ ಸ್ಟೇಷನ್ನಿನಲ್ಲೇ ಪಾಸ್‌ಪೋರ್ಟಿನ ಲಕೋಟೆ ಕೊಟ್ಟೆವು. ಅವರು ಅದನ್ನು ತಿರುಗಿಸಿ ನೋಡಿ ನಕ್ಕರು.

"ಏನು ಮಾವ, ಅರಿಶಿನ ಮರೆತುಬಿಟ್ರಾ?"

"ಇಲ್ಲ ಅಳಿಯಂದ್ರೆ, ಕೈ ತೊಳ್ಕೊಂಡುಬಿಟ್ಟಿದ್ದೀನಿ." ಮಾವ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು.

ನಾನೇ ಅವರ ಜೇಬಿನಿಂದ ಡಬ್ಬಿ ತೆಗೆದು, ಬಲಗೈ ಎಳೆದು, ಬೆರಳು ಅದ್ದಿಸಿ ಲಕೋಟೆಯ ಮೂಲೆ ಮೂಲೆಗೂ ಒತ್ತಿಸಿದೆ.

"ನಿನಗೂ ಹಿಡಿಯಿತಾ ಈ ಹುಚ್ಚು?" ಎಂದರು ನಮ್ಮನೆಯವರು. ಯಾಕೆಂದು ಅವರಿಗೆ ಇಂದಿಗೂ ಹೇಳಿಲ್ಲ; ಇದನ್ನು ಓದಿಯೇ ತಿಳಿಯಬೇಕು.

ಸಂಪಾದಕರು ಕ್ಷಮಿಸಬೇಕು. ಈ ಬರಹದ ಹಾಳೆಗಳ ನಾಲ್ಕು ಮೂಲೆಗಳಲ್ಲಿ ಇರುವುದು ಸಾರಿನ ಕಲೆಯಲ್ಲ.